ಬೆಂಜೀನ್ ಉಂಗುರದ ಕಥೆ: ಲೋಬಾನದಿಂದ ಆಣ್ವಿಕ ಕಕ್ಷಕದವರೆಗೆ

ಕೆಂಡದ ಮೇಲೆ ಹಾಕುವ ಲೋಬಾನದ ಪರಿಮಳ ನಮ್ಮಲ್ಲಿ ಯಾರಿಗೆ ತಿಳಿದಿಲ್ಲ? ರಸಾಯನಶಾಸ್ತ್ರದ ಪುಸ್ತಕದಲ್ಲಿ ಬರುವ ಬೆಂಜೀನ್ ಎಂಬ ಹೆಸರೂ ಅದೇ ಲೋಬಾನದಿಂದ ಹುಟ್ಟಿದ್ದು ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಸುಮಾತ್ರಾ ಕಡೆಯಿಂದ ಬರುತ್ತಿದ್ದ ಒಂದು ಮರದ ಅಂಟನ್ನು ಅರಬ್ ವ್ಯಾಪಾರಿಗಳು 'ಲುಬಾನ್ ಜಾವಿ', ಅಂದರೆ ಜಾವಾದ ಲೋಬಾನ ಎಂದು ಕರೆಯುತ್ತಿದ್ದರು. ಯುರೋಪಿನ ವರ್ತಕರ ಬಾಯಲ್ಲಿ ಮೊದಲಿನ 'ಲು' ಬಿದ್ದುಹೋಗಿ ಅದು ಬೆಂಜೋಯಿನ್ ಆಯಿತು. ಆ ಅಂಟಿನಿಂದ ತೆಗೆದ ಆಮ್ಲ ಬೆಂಜೋಯಿಕ್ ಆಮ್ಲವಾಯಿತು. ಜರ್ಮನಿಯ ಐಲ್‌ಹಾರ್ಡ್ ಮಿಚೆರ್‌ಲಿಖ್ 1833ರಲ್ಲಿ ಆ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ ಒಂದು ದ್ರವವನ್ನು ಪಡೆದರು. ಅದಕ್ಕೆ ಅವರು ಕೊಟ್ಟ ಹೆಸರೇ ಮುಂದೆ ಬೆಂಜೀನ್ ಆಯಿತು.

ಈ ಚಿಕ್ಕ ಅಣುವಿನೊಳಗೆ ಪರಮಾಣುಗಳು ಹೇಗೆ ಕೂಡಿಕೊಂಡಿವೆ ಎಂಬ ಪ್ರಶ್ನೆಗೆ ಒಪ್ಪುವ ಉತ್ತರ ದೊರೆಯಲು ಮನುಷ್ಯನಿಗೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಪಿಯುಸಿ ವಿದ್ಯಾರ್ಥಿ ಮಾತ್ರ ಅದನ್ನು ಒಂದು ವಾರದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಮುಗಿಸಬೇಕು. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ವಿಭಾಗಕ್ಕೆ ಸೇರಿದ ಮಕ್ಕಳು 'ಮಾಲಿಕ್ಯುಲರ್ ಆರ್ಬಿಟಲ್' ಎಂಬ ಶಬ್ದ ಕೇಳಿದೊಡನೆ ಎದೆಗುಂದುವುದನ್ನು ಅಧ್ಯಾಪಕರಾದ ನಾವು ನೋಡುತ್ತಲೇ ಇರುತ್ತೇವೆ. ಈ ವಿಷಯ ತಮ್ಮ ಪಾಲಿನದಲ್ಲ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಈ ಪಾಠ ಯಾರಿಗೂ ಸುಲಭವಾಗಿ ಬರಲಿಲ್ಲ, ಅದನ್ನು ಕಂಡುಹಿಡಿದವರಿಗೂ ಬರಲಿಲ್ಲ ಎಂಬುದನ್ನು ಇತಿಹಾಸ ತೋರಿಸುತ್ತದೆ. ಆ ಇತಿಹಾಸವನ್ನು ಅಂಥ ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾಲ್ಕು ಕೈಗಳ ಇಂಗಾಲ

ಮಿಚೆರ್‌ಲಿಖ್‌ಗಿಂತ ಎಂಟು ವರ್ಷ ಮೊದಲೇ, 1825ರಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆ ಇದೇ ದ್ರವವನ್ನು ಬೇರೊಂದು ಮೂಲದಿಂದ ಬೇರ್ಪಡಿಸಿದ್ದರು. ಆಗ ದೀಪ ಉರಿಸಲು ಎಣ್ಣೆಯಿಂದ ಅನಿಲ ತಯಾರಿಸಿ, ಅದನ್ನು ಪಾತ್ರೆಗಳಲ್ಲಿ ಒತ್ತಿ ತುಂಬುತ್ತಿದ್ದರು. ಆ ಪಾತ್ರೆಗಳ ತಳದಲ್ಲಿ ಉಳಿಯುತ್ತಿದ್ದ ಎಣ್ಣೆಯಂಥ ದ್ರವವನ್ನು ಫ್ಯಾರಡೆ ಪರೀಕ್ಷಿಸಿದರು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಅಲ್ಲಿಗೆ ಬರುತ್ತಿದ್ದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು ಅವರು.

ಬೆಂಜೀನಿನ ಒಂದು ಅಣುವಿನಲ್ಲಿ ಆರು ಇಂಗಾಲ, ಆರು ಹೈಡ್ರೋಜನ್ ಪರಮಾಣುಗಳಿವೆ. ಇಂಗಾಲಕ್ಕೆ ನಾಲ್ಕು ಕೈಗಳಿವೆ, ಅಂದರೆ ಅದರ ವೇಲೆನ್ಸಿ ನಾಲ್ಕು ಎಂದೂ, ಇಂಗಾಲದ ಪರಮಾಣುಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾಗಬಲ್ಲವು ಎಂದೂ 1858ರಲ್ಲಿ ಜರ್ಮನಿಯ ಆಗಸ್ಟ್ ಕೆಕುಲೆ ಮತ್ತು ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಕೂಪರ್ ಪ್ರತ್ಯೇಕವಾಗಿ ಹೇಳಿದರು. ಈ ಲೆಕ್ಕದಂತೆ ಆರು ಇಂಗಾಲಗಳ ಸರಪಳಿಗೆ ಹದಿನಾಲ್ಕು ಹೈಡ್ರೋಜನ್‌ಗಳು ಸೇರಬೇಕು. ಹೆಕ್ಸೇನ್ ಹಾಗೆಯೇ ಇದೆ. ಬೆಂಜೀನಿನಲ್ಲಿ ಎಂಟು ಹೈಡ್ರೋಜನ್ ಕಡಿಮೆ. ಹೀಗೆ ಹೈಡ್ರೋಜನ್ ಕಡಿಮೆ ಇರುವ ವಸ್ತುಗಳು ಸಾಮಾನ್ಯವಾಗಿ ಬ್ರೋಮಿನ್ ಕಂಡರೆ ಥಟ್ಟನೆ ಹಿಡಿದುಕೊಳ್ಳುತ್ತವೆ. ಎಥಿಲೀನ್ ಹಾಗೆಯೇ ಮಾಡುತ್ತದೆ. ಬೆಂಜೀನ್ ಮಾತ್ರ ಬ್ರೋಮಿನ್ ದ್ರಾವಣದ ಪಕ್ಕದಲ್ಲಿ ಸುಮ್ಮನೆ ಇರುತ್ತದೆ.

1865ರಲ್ಲಿ ಕೆಕುಲೆ ಆರು ಇಂಗಾಲಗಳು ಉಂಗುರವಾಗಿ ಕೂತಿವೆ ಎಂದು ಸೂಚಿಸಿದರು. ಹಾವು ತನ್ನ ಬಾಲವನ್ನೇ ಕಚ್ಚಿದಂತೆ ಕಂಡ ಕನಸಿನಿಂದ ಈ ವಿಚಾರ ಹೊಳೆಯಿತೆಂದು ಅವರೇ 1890ರಲ್ಲಿ, ಇಪ್ಪತ್ತೈದು ವರ್ಷಗಳ ನಂತರ, ಬರ್ಲಿನ್ನಿನ ಸನ್ಮಾನ ಸಭೆಯಲ್ಲಿ ಹೇಳಿದರು. ಈ ಕನಸಿನ ಕಥೆಯನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಕನಸು ನಿಜವಾಗಿದ್ದರೂ ಅದಕ್ಕೆ ಮುಂಚಿನ ವರ್ಷಗಳ ದುಡಿಮೆಯನ್ನು ಮರೆಯಬಾರದು.

ಉಂಗುರದಲ್ಲಿ ಒಂದು ಬಿಟ್ಟು ಒಂದರಂತೆ ಮೂರು ದ್ವಿಬಂಧಗಳನ್ನು ಹಾಕಿದರೆ ಇಂಗಾಲದ ನಾಲ್ಕು ಕೈಗಳ ಲೆಕ್ಕ ಸರಿಹೋಗುತ್ತದೆ. ಆದರೆ ತೊಡಕು ತೀರಲಿಲ್ಲ. ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಹೈಡ್ರೋಜನ್ ತೆಗೆದು ಕ್ಲೋರಿನ್ ಇಟ್ಟರೆ, ಆ ಎರಡರ ನಡುವೆ ಏಕಬಂಧವಿರುವ ವಸ್ತು ಒಂದು, ದ್ವಿಬಂಧವಿರುವ ವಸ್ತು ಇನ್ನೊಂದು, ಹೀಗೆ ಎರಡು ಬಗೆ ಸಿಗಬೇಕು. ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ. ಆದ್ದರಿಂದ 1872ರಲ್ಲಿ ಕೆಕುಲೆ, ದ್ವಿಬಂಧಗಳು ಒಂದೇ ಕಡೆ ನಿಲ್ಲದೆ ಸದಾ ಜಾಗ ಬದಲಿಸುತ್ತಿರುತ್ತವೆ ಎಂದು ತಿದ್ದುಪಡಿ ಮಾಡಿದರು. ಬೆಂಜೀನಿನ ಎರಡು ಚಿತ್ರಗಳನ್ನು ಬರೆದು ನಡುವೆ ಬಾಣ ಹಾಕುವ ರೂಢಿಯ ಹಿಂದೆ ಈ ತೊಡಕಿದೆ.

ಗೆರೆ ಎಂದರೇನು?

ಅಷ್ಟರವರೆಗೂ ಎರಡು ಪರಮಾಣುಗಳ ನಡುವೆ ಎಳೆಯುತ್ತಿದ್ದ ಗೆರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಎಲೆಕ್ಟ್ರಾನ್ ಪತ್ತೆಯಾದದ್ದೇ 1897ರಲ್ಲಿ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ, ಒಂದು ಗೆರೆ ಎಂದರೆ ಎರಡು ಪರಮಾಣುಗಳು ಹಂಚಿಕೊಂಡ ಒಂದು ಜೊತೆ ಎಲೆಕ್ಟ್ರಾನ್ ಎಂದರು. ಋಣ ವಿದ್ಯುದಂಶವಿರುವ ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡಬೇಕಲ್ಲ, ಜೊತೆಯಾಗಿ ಹೇಗೆ ಬಂಧವಾಗುತ್ತವೆ? ಇದಕ್ಕೆ ಹಳೆಯ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಕ್ವಾಂಟಮ್ ಸಿದ್ಧಾಂತದಿಂದ. ಎಲೆಕ್ಟ್ರಾನ್ ಒಂದು ಅಲೆಯಂತೆಯೂ ವರ್ತಿಸುತ್ತದೆ. ಅದು ಇರಬಹುದಾದ ಪ್ರದೇಶವನ್ನು ಗಣಿತದಿಂದ ಲೆಕ್ಕಹಾಕಬಹುದು ಎಂದು 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಅವರ ಸಮೀಕರಣ ತೋರಿಸಿತು. ಮರುವರ್ಷವೇ ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್ ಇದನ್ನು ಹೈಡ್ರೋಜನ್ ಅಣುವಿಗೆ ಅನ್ವಯಿಸಿ, ಎರಡು ಪರಮಾಣುಗಳು ಏಕೆ ಅಂಟಿಕೊಳ್ಳುತ್ತವೆ ಎಂಬುದನ್ನು ವಿವರಿಸಿದರು.

ಇಲ್ಲಿಂದ ದಾರಿ ಎರಡಾಯಿತು. ಪ್ರತಿ ಬಂಧವೂ ಎರಡು ಪರಮಾಣುಗಳ ನಡುವಿನ ವ್ಯವಹಾರ ಎಂಬುದು ಮೊದಲನೆಯ ದಾರಿ. ಅಮೆರಿಕದ ಲೈನಸ್ ಪಾಲಿಂಗ್ ಅದನ್ನು ಬೆಳೆಸಿದರು. ಎಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಸೇರಿದವು ಎಂಬುದು ಎರಡನೆಯದು. ಜರ್ಮನಿಯ ಫ್ರೆಡ್ರಿಕ್ ಹುಂಡ್, ಅಮೆರಿಕದ ರಾಬರ್ಟ್ ಮುಲ್ಲಿಕನ್, ಇಂಗ್ಲೆಂಡಿನ ಜಾನ್ ಲೆನ್ನಾರ್ಡ್-ಜೋನ್ಸ್ ಇದರ ಮೊದಲಿಗರು. ಮೊದಲನೆಯದು ಎರಡು ಮನೆಗಳ ನಡುವಿನ ಬಾವಿಯಂತೆ. ಎರಡನೆಯದು ಇಡೀ ಮೊಹಲ್ಲಾಕ್ಕೆ ನೀರು ಕೊಡುವ ಟ್ಯಾಂಕಿನಂತೆ.

'ಆರ್ಬಿಟಲ್' ಎಂಬ ಶಬ್ದವನ್ನು ಈ ಅರ್ಥದಲ್ಲಿ 1932ರಲ್ಲಿ ಬಳಕೆಗೆ ತಂದವರು ಮುಲ್ಲಿಕನ್. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಅಣುವಿಗೆ ಉರ್ದುವಿನಲ್ಲಿ ಸಾಲಿಮಾ ಎನ್ನುತ್ತೇವೆ, ಆರ್ಬಿಟಲ್ಲಿಗೆ ಕನ್ನಡದಲ್ಲಿ ಕಕ್ಷಕ ಎನ್ನುತ್ತೇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಈ ಶಬ್ದಗಳು ಹುಟ್ಟಿನಿಂದಲೇ ಬಂದಿವೆ ಎಂದು ನಮ್ಮ ಮಕ್ಕಳು ಭಾವಿಸುತ್ತಾರೆ. ಆರ್ಬಿಟಲ್ ಎಂಬುದು ಯಾರ ಮಾತೃಭಾಷೆಯ ಶಬ್ದವೂ ಅಲ್ಲ. ಇಂಗ್ಲಿಷಿನವರೂ ಅದನ್ನು ತರಗತಿಯಲ್ಲೇ ಕಲಿಯಬೇಕು.

ಎರಡು ಕೂಡಿದರೆ ಎರಡು

ಆಣ್ವಿಕ ಕಕ್ಷಕದ ಮೂಲ ವಿಚಾರ ಕಠಿಣವಲ್ಲ. ಕೆರೆಗೆ ಎರಡು ಕಲ್ಲು ಎಸೆದರೆ ಎರಡು ಅಲೆಗಳು ಸೇರುವ ಕಡೆ ಕೆಲವೆಡೆ ನೀರು ಇನ್ನೂ ಮೇಲೇಳುತ್ತದೆ, ಕೆಲವೆಡೆ ಒಂದನ್ನೊಂದು ಅಳಿಸಿ ಸಮನಾಗುತ್ತದೆ. ಎಲೆಕ್ಟ್ರಾನ್ ಅಲೆಗಳೂ ಹಾಗೆಯೇ. ಎರಡು ಹೈಡ್ರೋಜನ್‌ಗಳ ಕಕ್ಷಕಗಳು ಒಂದಕ್ಕೊಂದು ಹೊಂದಿಕೊಂಡು ಸೇರಿದರೆ ನ್ಯೂಕ್ಲಿಯಸ್‌ಗಳ ನಡುವೆ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚುತ್ತದೆ, ಶಕ್ತಿ ಇಳಿಯುತ್ತದೆ. ಇದು ಬಂಧಕ ಕಕ್ಷಕ. ಹೊಂದಿಕೊಳ್ಳದೆ ಸೇರಿದರೆ ನಡುವಿನ ಜಾಗ ಬರಿದಾಗುತ್ತದೆ, ಶಕ್ತಿ ಏರುತ್ತದೆ. ಇದು ವಿರೋಧ ಬಂಧಕ ಕಕ್ಷಕ. ಎರಡು ಕಕ್ಷಕ ಕೂಡಿದರೆ ಎರಡೇ ಹುಟ್ಟುತ್ತವೆ, ಒಂದು ಕೆಳಗೆ, ಒಂದು ಮೇಲೆ. ಒಂದೊಂದರಲ್ಲಿ ಎರಡು ಎಲೆಕ್ಟ್ರಾನ್‌ಗಳಿಗೆ ಮಾತ್ರ ಜಾಗ.

ಹೈಡ್ರೋಜನ್ ಅಣುವಿನ ಎರಡು ಎಲೆಕ್ಟ್ರಾನ್‌ಗಳೂ ಕೆಳಗಿನದರಲ್ಲಿ ಕೂರುತ್ತವೆ, ಅಣು ಭದ್ರವಾಗುತ್ತದೆ. ಎರಡು ಹೀಲಿಯಮ್ ಪರಮಾಣುಗಳನ್ನು ಸೇರಿಸಿದರೆ ನಾಲ್ಕು ಎಲೆಕ್ಟ್ರಾನ್‌ಗಳು. ಎರಡು ಕೆಳಗೆ, ಎರಡು ಮೇಲೆ. ಕೆಳಗೆ ಗಳಿಸಿದ್ದು ಮೇಲೆ ಖರ್ಚಾಗಿಹೋಗುತ್ತದೆ. ಆದ್ದರಿಂದ ಹೀಲಿಯಮ್ ಒಂಟಿಯಾಗಿಯೇ ಇರುತ್ತದೆ.

ಎಥಿಲೀನ್‌ಗೆ ಬರೋಣ. ಅಲ್ಲಿ ಪ್ರತಿ ಇಂಗಾಲವೂ ಒಂದೇ ಸಮತಲದಲ್ಲಿ ಮೂರು ಗಟ್ಟಿ ಬಂಧಗಳನ್ನು ಕಟ್ಟಿಕೊಳ್ಳುತ್ತದೆ. ಇವು ಸಿಗ್ಮಾ ಬಂಧಗಳು. ಉಳಿದ ಒಂದು ಕಕ್ಷಕ ಆ ಸಮತಲದ ಮೇಲೆ ಮತ್ತು ಕೆಳಗೆ ಚಾಚಿರುತ್ತದೆ. ಎರಡು ಇಂಗಾಲಗಳ ಇಂಥ ಕಕ್ಷಕಗಳು ಪಕ್ಕಪಕ್ಕದಲ್ಲಿ ಸೇರಿ ಪೈ ಬಂಧವಾಗುತ್ತದೆ. ಒಂದು ತುದಿಯನ್ನು ತಿರುಚಿದರೆ ಈ ಸೇರುವಿಕೆ ತಪ್ಪುತ್ತದೆ. ದ್ವಿಬಂಧದ ಸುತ್ತ ಅಣು ಸುಲಭವಾಗಿ ತಿರುಗದೆ ಇರಲು ಇದೇ ಕಾರಣ. ಒಂದೇ ಪರಮಾಣುಗಳಿಂದಾದ ಮಲೇಯಿಕ್ ಆಮ್ಲ ಮತ್ತು ಫ್ಯುಮಾರಿಕ್ ಆಮ್ಲ ಎರಡು ಬೇರೆ ವಸ್ತುಗಳಾಗಿ ಉಳಿಯುವುದು ಇದರಿಂದಲೇ. ಅಸಿಟಿಲೀನ್‌ನಲ್ಲಿ ಒಂದು ಸಿಗ್ಮಾ, ಎರಡು ಪೈ. ಬಂಧ ಹೆಚ್ಚಿದಂತೆ ಇಂಗಾಲಗಳು ಹತ್ತಿರವಾಗುತ್ತವೆ: ಈಥೇನ್‌ನಲ್ಲಿ ಸುಮಾರು 154 ಪಿಕೋಮೀಟರ್, ಎಥಿಲೀನ್‌ನಲ್ಲಿ 134, ಅಸಿಟಿಲೀನ್‌ನಲ್ಲಿ 120.

ದ್ವಿಬಂಧದ ಈ ವಿವರಣೆಯನ್ನು 1930ರಲ್ಲಿ ಕೊಟ್ಟವರು ಜರ್ಮನಿಯ ಎರಿಕ್ ಹ್ಯೂಕೆಲ್. ಹುಂಡ್, ಮುಲ್ಲಿಕನ್, ಹ್ಯೂಕೆಲ್ ಮೂವರೂ 1896ರಲ್ಲಿ ಹುಟ್ಟಿದವರು ಎಂಬುದು ಒಂದು ಸ್ವಾರಸ್ಯ.

ಆರು ಎಲೆಕ್ಟ್ರಾನ್‌ಗಳ ಕೂಡುಕುಟುಂಬ

1931ರಲ್ಲಿ ಹ್ಯೂಕೆಲ್ ಬೆಂಜೀನ್ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಉಂಗುರದ ಆರು ಇಂಗಾಲಗಳಲ್ಲಿ ಪ್ರತಿಯೊಂದಕ್ಕೂ ಮೇಲೆ-ಕೆಳಗೆ ಚಾಚಿದ ಒಂದೊಂದು ಕಕ್ಷಕ, ಅದರಲ್ಲಿ ಒಂದೊಂದು ಎಲೆಕ್ಟ್ರಾನ್ ಉಳಿದಿರುತ್ತದೆ. ಆರು ಕಕ್ಷಕಗಳು ಕೂಡಿ ಆರು ಆಣ್ವಿಕ ಕಕ್ಷಕಗಳಾಗುತ್ತವೆ. ಎಲ್ಲಕ್ಕಿಂತ ಕೆಳಗೆ ಒಂದು, ಅದರ ಮೇಲೆ ಸಮಾನ ಶಕ್ತಿಯ ಎರಡು, ಇನ್ನೂ ಮೇಲೆ ಮತ್ತೆ ಎರಡು, ತುದಿಯಲ್ಲಿ ಒಂದು. ಕೆಳಗಿನ ಮೂರು ಬಂಧಕ ಕಕ್ಷಕಗಳಲ್ಲಿ ಆರು ಎಲೆಕ್ಟ್ರಾನ್‌ಗಳು ಸರಿಯಾಗಿ ತುಂಬಿಕೊಳ್ಳುತ್ತವೆ. ಮೇಲಿನವು ಖಾಲಿ. ಆ ಆರು ಎಲೆಕ್ಟ್ರಾನ್‌ಗಳು ಯಾವ ಎರಡು ಇಂಗಾಲಗಳ ಸ್ವತ್ತೂ ಅಲ್ಲ, ಕೂಡುಕುಟುಂಬದ ಆಸ್ತಿಯಂತೆ ಇಡೀ ಉಂಗುರಕ್ಕೆ ಸೇರಿದವು. ಕೆಕುಲೆಯ ಎರಡು ಚಿತ್ರಗಳ ನಡುವೆ ಬೆಂಜೀನ್ ಓಡಾಡುತ್ತಿಲ್ಲ. ಅದು ಎರಡೂ ಅಲ್ಲದ ಒಂದೇ ಸ್ಥಿತಿಯಲ್ಲಿದೆ.

ಪ್ರಯೋಗದ ಸಾಕ್ಷ್ಯ ಬೇರೆ ಕಡೆಗಳಿಂದ ಬಂದಿತು. ಉಂಗುರ ಚಪ್ಪಟೆಯಾಗಿದೆ, ಅದರ ಆರೂ ಬದಿಗಳು ಸಮಾನ ಎಂಬುದನ್ನು ಎಕ್ಸ್-ಕಿರಣಗಳಿಂದ 1929ರಲ್ಲಿ ತೋರಿಸಿಕೊಟ್ಟವರು ಕ್ಯಾಥ್ಲೀನ್ ಲಾನ್ಸ್‌ಡೇಲ್. ಅವರು ಬಳಸಿದ್ದು ಬೆಂಜೀನಿನ ಹತ್ತಿರದ ಸಂಬಂಧಿಯಾದ ಹೆಕ್ಸಾಮೀಥೈಲ್ ಬೆಂಜೀನಿನ ಹರಳು. ಬೆಂಜೀನಿನಲ್ಲಿ ಇಂಗಾಲಗಳ ನಡುವಿನ ದೂರ ಎಲ್ಲೆಡೆ ಸುಮಾರು 139 ಪಿಕೋಮೀಟರ್. ಏಕಬಂಧಕ್ಕಿಂತ ಕಡಿಮೆ, ದ್ವಿಬಂಧಕ್ಕಿಂತ ಹೆಚ್ಚು.

ಲಾನ್ಸ್‌ಡೇಲ್ ಅವರ ಜೀವನವನ್ನು ನಮ್ಮ ಹೆಣ್ಣುಮಕ್ಕಳು ತಿಳಿಯಬೇಕು. 1903ರಲ್ಲಿ ಐರ್ಲೆಂಡಿನ ಒಬ್ಬ ಪೋಸ್ಟ್ ಮಾಸ್ಟರ್ ಮನೆಯಲ್ಲಿ ಹತ್ತನೆಯ ಮಗುವಾಗಿ ಅವರು ಹುಟ್ಟಿದರು. ಅವರು ಓದುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠ ಸಿಗುತ್ತಿರಲಿಲ್ಲ. ಅದಕ್ಕಾಗಿ ಗಂಡುಮಕ್ಕಳ ಶಾಲೆಗೆ ಹೋಗಿ, ಆ ತರಗತಿಗಳಲ್ಲಿ ಒಬ್ಬಳೇ ಹುಡುಗಿಯಾಗಿ ಕೂತು ಕಲಿತರು. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಫೆಲೋಗಳಾಗಿ ಆರಿಸಿದಾಗ ಆ ಇಬ್ಬರಲ್ಲಿ ಅವರೂ ಒಬ್ಬರು.

ಈ ಕಥೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. ಸರ್ ಸಿ.ವಿ. ರಾಮನ್ ಅವರ ಜೊತೆಗಾರರಾಗಿದ್ದ ಕೆ.ಎಸ್. ಕೃಷ್ಣನ್ ಅವರು ಢಾಕಾ ವಿಶ್ವವಿದ್ಯಾಲಯದಲ್ಲಿ, ಬಳಿಕ ಕಲ್ಕತ್ತದಲ್ಲಿ, ಹರಳುಗಳು ಅಯಸ್ಕಾಂತಕ್ಕೆ ಬೇರೆ ಬೇರೆ ದಿಕ್ಕಿನಲ್ಲಿ ಬೇರೆ ಬೇರೆ ರೀತಿ ಸ್ಪಂದಿಸುವುದನ್ನು ಅಳೆದರು. ಬೆಂಜೀನ್ ಜಾತಿಯ ಅಣುಗಳಲ್ಲಿ ಉಂಗುರಕ್ಕೆ ಲಂಬವಾದ ದಿಕ್ಕಿನಲ್ಲಿ ಈ ಪರಿಣಾಮ ವಿಶೇಷವಾಗಿ ಹೆಚ್ಚು. ಎಲೆಕ್ಟ್ರಾನ್‌ಗಳು ಇಡೀ ಉಂಗುರದಲ್ಲಿ ಸಂಚರಿಸಬಲ್ಲವು ಎಂಬ ಮಾತಿಗೆ ಇದು ಬಲ ಕೊಟ್ಟಿತು. ಈ ವಿಷಯದಲ್ಲಿ 1936ರಲ್ಲಿ ಲಾನ್ಸ್‌ಡೇಲ್ ಮತ್ತು ಕೃಷ್ಣನ್ ಸೇರಿ ಒಂದು ಪ್ರಬಂಧವನ್ನೂ ಪ್ರಕಟಿಸಿದರು.

ಅದೇ ವರ್ಷ ಹಾರ್ವರ್ಡ್‌ನಲ್ಲಿ ಜಾರ್ಜ್ ಕಿಸ್ಟಿಯಾಕೋವ್ಸ್ಕಿ ಮತ್ತು ಸಂಗಡಿಗರು ಶಾಖದ ಲೆಕ್ಕ ಕೊಟ್ಟರು. ಒಂದು ದ್ವಿಬಂಧವಿರುವ ಸೈಕ್ಲೊಹೆಕ್ಸೀನ್‌ಗೆ ಹೈಡ್ರೋಜನ್ ಸೇರಿಸಿದರೆ ಮೋಲ್ ಒಂದಕ್ಕೆ ಸುಮಾರು 120 ಕಿಲೋಜೂಲ್ ಶಾಖ ಹೊರಬರುತ್ತದೆ. ಮೂರು ದ್ವಿಬಂಧವಿದ್ದರೆ 360 ಬರಬೇಕು. ಬೆಂಜೀನಿನಿಂದ ಬಂದದ್ದು ಸುಮಾರು 208 ಮಾತ್ರ. ಉಳಿದ 150ರಷ್ಟು ಕಿಲೋಜೂಲ್ ಕೂಡಿ ಬಾಳಿದ್ದರಿಂದ ಆದ ಉಳಿತಾಯ.

ಕಾಯಬೇಕಾಗಿ ಬಂದ ಸತ್ಯ

ಹ್ಯೂಕೆಲ್ ಅವರ ಲೆಕ್ಕ ಸರಿಯಾಗಿದ್ದರೂ ಬಹುಕಾಲ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಅವರು ಬರೆದದ್ದು ಭೌತಶಾಸ್ತ್ರದ ಪತ್ರಿಕೆಯಲ್ಲಿ, ಕಠಿಣ ಗಣಿತದಲ್ಲಿ. ರಸಾಯನಶಾಸ್ತ್ರಜ್ಞರು ಅದನ್ನು ಓದಲಿಲ್ಲ. ಭೌತಶಾಸ್ತ್ರಜ್ಞರಿಗೆ ಬೆಂಜೀನ್ ಬೇಕಿರಲಿಲ್ಲ. ಪಾಲಿಂಗ್ ಅವರಾದರೋ ರಸಾಯನಶಾಸ್ತ್ರಜ್ಞರಿಗೆ ಪರಿಚಿತವಾದ ಗೆರೆಗಳ ಭಾಷೆಯಲ್ಲೇ ಮಾತನಾಡಿದರು. ಅವರ ದಾರಿ ಬೇಗ ಜನಪ್ರಿಯವಾಯಿತು. ಹ್ಯೂಕೆಲ್ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪ್ರಾಧ್ಯಾಪಕರಾದದ್ದು ನಿವೃತ್ತಿಗೆ ಸ್ವಲ್ಪ ಮುಂಚೆ. ನೊಬೆಲ್ ಪ್ರಶಸ್ತಿ ಅವರಿಗೆ ಬರಲೇ ಇಲ್ಲ. ಮುಲ್ಲಿಕನ್ ಅವರಿಗೆ ಅದು 1966ರಲ್ಲಿ ದೊರೆಯಿತು.

ಆದರೆ ಪ್ರಯೋಗಶಾಲೆ ಹ್ಯೂಕೆಲ್ ಪರವಾಗಿ ತೀರ್ಪು ಕೊಟ್ಟಿತು. ಅವರ ಲೆಕ್ಕದಂತೆ ಇಂಥ ಚಪ್ಪಟೆ ಉಂಗುರದಲ್ಲಿ 2, 6, 10, 14 ಹೀಗೆ ಪೈ ಎಲೆಕ್ಟ್ರಾನ್‌ಗಳಿದ್ದರೆ ವಿಶೇಷ ಭದ್ರತೆ ಬರಬೇಕು. 4 ಅಥವಾ 8 ಇದ್ದರೆ ಬರಬಾರದು. ರಿಚರ್ಡ್ ವಿಲ್‌ಸ್ಟಾಟರ್ 1911ರಲ್ಲೇ ಎಂಟು ಇಂಗಾಲಗಳ ಉಂಗುರವನ್ನು ತಯಾರಿಸಿದ್ದರು. ಅದು ಬೆಂಜೀನಿನಂತೆ ಇರಲಿಲ್ಲ, ಬ್ರೋಮಿನ್ ಕಂಡರೆ ಹಿಡಿದುಕೊಳ್ಳುತ್ತಿತ್ತು. ಏಕೆಂದು ಆಗ ತಿಳಿದಿರಲಿಲ್ಲ. ಇನ್ನು 1891ರಲ್ಲಿ ಮೆರ್ಲಿಂಗ್ ಎಂಬವರು ತಯಾರಿಸಿ ಅರ್ಥವಾಗದೆ ಬಿಟ್ಟಿದ್ದ ಒಂದು ವಸ್ತುವನ್ನು 1954ರಲ್ಲಿ ಡೋರಿಂಗ್ ಮತ್ತು ನಾಕ್ಸ್ ಮತ್ತೆ ಪರೀಕ್ಷಿಸಿದರು. ಅದು ಏಳು ಇಂಗಾಲಗಳ ಉಂಗುರ, ಆರು ಪೈ ಎಲೆಕ್ಟ್ರಾನ್‌ಗಳು. ಉಪ್ಪಿನಂತೆ ನೀರಿನಲ್ಲಿ ಕರಗಿ, ಧನ ಅಯಾನಾಗಿ ಭದ್ರವಾಗಿ ನಿಲ್ಲುತ್ತಿತ್ತು. ಅರವತ್ತಮೂರು ವರ್ಷಗಳ ಒಗಟು ಹ್ಯೂಕೆಲ್ ಲೆಕ್ಕದಿಂದ ಬಿಡಿಸಿಕೊಂಡಿತು.

ಮೀಥೇನ್‌ನಂಥ ಸರಳ ಅಣುವೂ ಒಂದು ಪಾಠ ಕಲಿಸಿತು. ಪುಸ್ತಕದ ಚಿತ್ರದಲ್ಲಿ ಅದಕ್ಕೆ ನಾಲ್ಕು ಸಮಾನ ಬಂಧಗಳು. ಆದರೆ ಬೆಳಕಿನಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಅಳೆಯುವ ವಿಧಾನ 1960ರ ದಶಕದಲ್ಲಿ ಬೆಳೆದಾಗ, ಬಂಧದ ಎಂಟು ಎಲೆಕ್ಟ್ರಾನ್‌ಗಳು ಎರಡು ಬೇರೆ ಶಕ್ತಿಮಟ್ಟಗಳಲ್ಲಿವೆ ಎಂದು ಕಂಡಿತು: ಸುಮಾರು 14 ಮತ್ತು 23 ಎಲೆಕ್ಟ್ರಾನ್ ವೋಲ್ಟ್. ಆಣ್ವಿಕ ಕಕ್ಷಕದ ಲೆಕ್ಕ ಹೇಳುವುದೂ ಅದನ್ನೇ: ಒಂದು ಕಕ್ಷಕ ಕೆಳಗೆ, ಸಮಾನ ಶಕ್ತಿಯ ಮೂರು ಮೇಲೆ. ಹಾಗೆಂದು ನಾಲ್ಕು ಗೆರೆಗಳ ಚಿತ್ರ ಸುಳ್ಳಲ್ಲ. ಅಣುವಿನ ಆಕಾರವನ್ನು ಅದು ಸರಿಯಾಗಿಯೇ ಹೇಳುತ್ತದೆ. ಯಾವ ಪ್ರಶ್ನೆಗೆ ಯಾವ ಚಿತ್ರ ಎಂಬುದನ್ನು ತಿಳಿಯುವುದೇ ಇಲ್ಲಿ ವಿದ್ಯೆ.

ಮುಂದೆ ಜಪಾನಿನ ಕೆನಿಚಿ ಫುಕುಯಿ 1952ರಲ್ಲಿ, ಅಣುಗಳು ಪರಸ್ಪರ ವರ್ತಿಸುವಾಗ ಎಲೆಕ್ಟ್ರಾನ್ ಇರುವ ಅತ್ಯಂತ ಮೇಲಿನ ಕಕ್ಷಕ ಮತ್ತು ಖಾಲಿ ಇರುವ ಅತ್ಯಂತ ಕೆಳಗಿನ ಕಕ್ಷಕಗಳೇ ಮುಖ್ಯ ಎಂದು ತೋರಿಸಿದರು. 1965ರಲ್ಲಿ ರಾಬರ್ಟ್ ವುಡ್‌ವರ್ಡ್ ಮತ್ತು ರೋಲ್ಡ್ ಹಾಫ್‌ಮನ್, ಯಾವ ಕ್ರಿಯೆ ಸುಲಭವಾಗಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಕಕ್ಷಕಗಳ ಸಮ್ಮಿತಿಯಿಂದಲೇ ಹೇಳಬಹುದೆಂದರು. ಫುಕುಯಿ ಮತ್ತು ಹಾಫ್‌ಮನ್ 1981ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ವುಡ್‌ವರ್ಡ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಹಾಫ್‌ಮನ್ ಹುಟ್ಟಿದ್ದು 1937ರಲ್ಲಿ, ಆಗ ಪೋಲೆಂಡಿನಲ್ಲಿದ್ದ ಒಂದು ಊರಿನ ಯಹೂದಿ ಕುಟುಂಬದಲ್ಲಿ. ನಾಜಿಗಳು ತಂದೆಯನ್ನು ಕೊಂದರು. ಮಗು ಮತ್ತು ತಾಯಿಯನ್ನು ಉಕ್ರೇನಿನ ಒಬ್ಬ ಹಳ್ಳಿ ಶಾಲೆಯ ಮೇಷ್ಟರು ತಮ್ಮ ಶಾಲಾ ಕಟ್ಟಡದ ಅಟ್ಟದಲ್ಲಿ 1943ರಿಂದ 1944ರವರೆಗೆ ಬಚ್ಚಿಟ್ಟು ಕಾಪಾಡಿದರು. ಸಿಕ್ಕಿಬಿದ್ದಿದ್ದರೆ ಆ ಮೇಷ್ಟರ ಮನೆಯವರಿಗೂ ಉಳಿಗಾಲವಿರಲಿಲ್ಲ. ಬೇರೆ ಧರ್ಮದ, ಬೇರೆ ಭಾಷೆಯ ಒಂದು ಮಗುವನ್ನು ಆ ಮೇಷ್ಟರು ಉಳಿಸಿಕೊಟ್ಟರು. ಅಧ್ಯಾಪಕರಾದವರು ಆಗಾಗ ನೆನೆಯಬೇಕಾದ ಸಂಗತಿಯಿದು.

ವಿದ್ಯಾರ್ಥಿಗಳಿಗೆ

2009ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಶಾಲೆಯವರು ಬಹಳ ಸೂಕ್ಷ್ಮವಾದ ಸೂಜಿತುದಿಯ ಉಪಕರಣದಿಂದ ಪೆಂಟಾಸೀನ್ ಎಂಬ ಅಣುವಿನ ಚಿತ್ರ ತೆಗೆದರು. ಅದರಲ್ಲಿ ಸಾಲಾಗಿ ಜೋಡಿಸಿದ ಐದು ಷಟ್ಕೋನಗಳು ಸ್ಪಷ್ಟವಾಗಿ ಕಂಡವು. 1865ರಲ್ಲಿ ಊಹೆಯಾಗಿದ್ದ ಉಂಗುರ ಕಣ್ಣಿಗೆ ಕಾಣಲು 144 ವರ್ಷ ಬೇಕಾಯಿತು.

ವಿದ್ಯಾರ್ಥಿ ಮಿತ್ರರೇ, ನೀವು ನೋಟ್ ಪುಸ್ತಕದಲ್ಲಿ ಷಟ್ಕೋನ ಬರೆದು ಒಳಗೆ ಒಂದು ವೃತ್ತ ಹಾಕುತ್ತೀರಿ. ಆ ವೃತ್ತ ಆರು ಎಲೆಕ್ಟ್ರಾನ್‌ಗಳ ಗುರುತು. ಅದರ ಹಿಂದೆ ಕಮ್ಮಾರನ ಮಗನಿದ್ದಾನೆ, ಹುಡುಗರ ತರಗತಿಯಲ್ಲಿ ಒಬ್ಬಳೇ ಕೂತ ಹುಡುಗಿ ಇದ್ದಾಳೆ, ಢಾಕಾ-ಕಲ್ಕತ್ತದಲ್ಲಿ ಹರಳುಗಳನ್ನು ಅಳೆದ ಭಾರತೀಯರಿದ್ದಾರೆ, ಗಮನಿಸುವವರಿಲ್ಲದೆ ಕಾದ ಹ್ಯೂಕೆಲ್ ಇದ್ದಾರೆ. ಇವರಲ್ಲಿ ಯಾರಿಗೂ ಪಾಠ ಸಿದ್ಧವಾಗಿ ಸಿಗಲಿಲ್ಲ. ಆದ್ದರಿಂದ ಮೊದಲ ಓದಿಗೆ ಅರ್ಥವಾಗದಿದ್ದರೆ ನಾಚಬೇಡಿ. ಗೈಡಿನ ಸಾಲನ್ನು ಬಾಯಿಪಾಠ ಮಾಡುವ ಮೊದಲು ಈ ಗೆರೆ ಏಕೆ, ಈ ವೃತ್ತ ಏಕೆ ಎಂದು ನಿಮ್ಮ ಉಪನ್ಯಾಸಕರನ್ನು ಕೇಳಿ. ಇಂಗ್ಲಿಷಿನಲ್ಲಿ ಕೇಳಲು ಬಾರದಿದ್ದರೆ ಉರ್ದುವಿನಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ. ಪ್ರಶ್ನೆ ಸರಿಯಾಗಿದ್ದರೆ ಭಾಷೆ ಯಾವುದಾದರೇನು, ಉತ್ತರ ಹುಡುಕುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.